ಕಾರಿನ ಮಿದುಳು ಬಿಸಿಲಿಗಿಟ್ಟ ಮಳೆಗಾಲ

ಮೊನ್ನೆ ಮಗಳ ಸ್ಕೂಟರಿನ ಹಿಂದೆ ಕೂತು ವಿಜಯನಗರದ ಕಡೆಗೆ ಹೋಗುತ್ತಿದ್ದೆ. ಸಿಗ್ನಲ್‌ನಲ್ಲಿ ನಮ್ಮ ಮುಂದೆ ಒಂದು ಹಳೇ ಕಾರು ನಿಂತು ಬುಸ್ ಬುಸ್ ಅಂತ ಕಪ್ಪು ಹೊಗೆ ಬಿಡುತ್ತಿತ್ತು. ಸುಡದೆ ಹಾಗೇ ಹೊರಬಿದ್ದ ಪೆಟ್ರೋಲಿನ ವಾಸನೆ ರಪ್ಪಂತ ಮುಖಕ್ಕೆ ಹೊಡೆಯಿತು. ಮಗಳು ದುಪಟ್ಟಾ ಮೂಗಿಗೆ ಒತ್ತಿಕೊಂಡು, "ಥೂ, ಇಂಥವನ್ನೆಲ್ಲ ಯಾಕಾದ್ರೂ ರೋಡಿಗೆ ಬಿಡ್ತಾರೋ" ಅಂದಳು. ನಾನು, "ಪಾಪ, ಅದರ ತಪ್ಪಲ್ಲ ಕಣೆ. ಅದರ ಡಬ್ಬಕ್ಕೆ ಲೆಕ್ಕ ತಪ್ಪಿದೆ, ಬೇಕಾದ್ದಕ್ಕಿಂತ ಜಾಸ್ತಿ ಕುಡಿಸ್ತಿದೆ" ಅಂದೆ. ಅವಳು ಹೆಲ್ಮೆಟ್ಟು ಸಮೇತ ತಿರುಗಿ ನೋಡಿದಳು. ಜೀವಮಾನವೆಲ್ಲ ರವಿಕೆ ಹೊಲಿದ ಅಮ್ಮನ ಬಾಯಲ್ಲಿ ಇಂಜಿನ್ನಿನ ಮಾತು ಎಲ್ಲಿಂದ ಬಂತು ಅಂತ ಅವಳಿಗೆ ಆಶ್ಚರ್ಯ. ಅವಳಿಗೆ ಹೇಗೆ ಗೊತ್ತಿರಬೇಕು? ಆ ವರ್ಷ ಅವಳಿನ್ನೂ ಹೊಸಿಲು ದಾಟುವುದು ಕಲಿಯುತ್ತಿದ್ದಳು. ಹಸಿರು ದೀಪ ಬಂತು, ಹಿಂದಿನವರು ಹಾರನ್ ಬಾರಿಸಿದರು, ನಾವು ಹೊರಟೆವು. ವಾಸನೆ ಮಾತ್ರ ಸೀರೆಗೆ ಹತ್ತಿಕೊಂಡು ಮನೆತನಕ ಬಂತು.

ಎರಡು ಸಾವಿರದ ಇಸವಿ ಕಳೆದು ಹೆಚ್ಚು ದಿನ ಆಗಿರಲಿಲ್ಲ. ಕುಂಬಾರಕೊಪ್ಪಲಿನಲ್ಲಿ ಅರ್ಧ ಹೆಂಚು, ಅರ್ಧ ತಾರಸಿಯ ಬಾಡಿಗೆ ಮನೆ ನಮ್ಮದು. ನಾನು, ನಮ್ಮವರು, ಮಾವ, ಒಂದು ಮಗು. ಮಾವ ಚಿಕ್ಕಂದಿನಿಂದ ಮಠದ ಉಗ್ರಾಣ ನೋಡಿಕೊಂಡಿದ್ದು, ಕಾಲು ಸೋತ ಮೇಲೆ ನಮ್ಮ ಜೊತೆ ಬಂದಿದ್ದರು. ನಮ್ಮವರ ಹೆಸರು ಮಹದೇವಸ್ವಾಮಿ. ಎಲ್ಲರ ಬಾಯಲ್ಲೂ ಸ್ವಾಮಿ. ಅವರು ಮದುವೆಗೆ ಮುಂಚಿನಿಂದಲೂ ಒಬ್ಬ ಟ್ರಾವೆಲ್ಸ್ ಓನರ್ ಹತ್ತಿರ ಟ್ಯಾಕ್ಸಿ ಓಡಿಸುತ್ತಿದ್ದರು. ಆ ಓನರ್ ಮನೆ ಮಹಡಿ ಮೇಲೆ. ಬೆಳಗ್ಗೆ ಡ್ರೈವರುಗಳೆಲ್ಲ ಕೆಳಗೆ ಬಂದು ನಿಂತಿರಬೇಕು. ಆ ಮನುಷ್ಯ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಲ್ಕನಿಗೆ ಬಂದು, ಕಾರಿನ ಕೀ ಮೇಲಿಂದ ಎಸೆಯುತ್ತಿದ್ದ. ಹಿಡಿದರೆ ಸರಿ. ಇಲ್ಲದಿದ್ದರೆ ಚರಂಡಿ ಪಕ್ಕ ಬಗ್ಗಿ ಹುಡುಕಬೇಕು. "ಕ್ಯಾಚ್ ಬುಟ್ಬುಟ್ಯಲ್ಲೋ ಸ್ವಾಮಿ" ಅಂತ ಮೇಲಿಂದ ನಗು ಬೇರೆ. ಒಂದು ದಿನ ಬಾಗಿಲಲ್ಲಿ ಪ್ರವಾಸಿಗಳು ನಿಂತು ನೋಡುತ್ತಿರುವಾಗಲೇ ಹಾಗಾಯಿತಂತೆ. ಅವತ್ತು ನಮ್ಮವರು ಮನೆಗೆ ಬಂದು ಊಟಕ್ಕೆ ಕೂತು, ಮುರಿದ ಮುದ್ದೆ ಹಾಗೇ ಬಿಟ್ಟು, "ಇನ್ನು ಯಾರ ಬಾಗಿಲಲ್ಲೂ ಕೀ ಇಸ್ಕೊಳಕ್ಕೆ ನಿಲ್ಲಲ್ಲ ಕಣೆ. ಸ್ವಂತ ಗಾಡಿ, ಸ್ವಂತ ಕೀ" ಅಂದರು. ನನಗೂ ಹೊಟ್ಟೆ ಉರಿದಿತ್ತು. "ಮಾಡಿ" ಅಂದೆ. ಒಂದೇ ಮಾತು. ಇಬ್ಬರ ಕೂಡಿಟ್ಟದ್ದೂ ಒಟ್ಟಿಗೆ ಖಾಲಿಯಾಯಿತು.

ಬಂದದ್ದು ಒಂದು ಬಿಳೀ ಕಾರು. ತೊಂಬತ್ತರ ದಶಕದಲ್ಲಿ ಶ್ರೀಮಂತರು ಕೊಂಡು ಮೆರೆದ ಗಾಡಿ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ಮೊದಲ ದಿನ ಚಪ್ಪಲಿ ಬಿಟ್ಟು ಹತ್ತಿದೆ. ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು ಅಂತ ಕೇಳುವ ಬುದ್ಧಿ ನಮಗೆ ಬರಲಿಲ್ಲ. ಮಳೆ ಶುರುವಾದ ಮೇಲೆ ಗೊತ್ತಾಯಿತು. ಆ ಕಾರಿನೊಳಗೆ ಕಾಲಿಡುವ ಜಾಗದ ಹತ್ತಿರ ಒಂದು ಅಲ್ಯೂಮಿನಿಯಂ ಡಬ್ಬ ಇತ್ತು. ಇಂಜಿನ್ನಿಗೆ ಎಷ್ಟು ಪೆಟ್ರೋಲು ಕೊಡಬೇಕು, ಯಾವಾಗ ಕಿಡಿ ಹಾರಿಸಬೇಕು ಅಂತ ಹೇಳುವ ಕಂಪ್ಯೂಟರು ಅದರೊಳಗೆ. ಮಳೆ ನೀರು ಎಲ್ಲಿಂದಲೋ ತೊಟ್ಟಿಕ್ಕಿ ಡಬ್ಬಕ್ಕೆ ಇಳಿದಿತ್ತು. ಗಾಡಿ ಸುಮ್ಮನೆ ಹೋಗುತ್ತಾ ಹೋಗುತ್ತಾ ರಸ್ತೆ ಮಧ್ಯೆ ನಿಂತುಬಿಡೋದು. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗೋದು. ಹಾಳಾದ್ದು, ಜಗಳಗಂಟಿ ನಾದಿನಿಯ ಥರ.

ನಮ್ಮವರು ತೋರಿಸದ ಮೆಕ್ಯಾನಿಕ್ ಇಲ್ಲ. ಎಲ್ಲರೂ ಬಾನೆಟ್ ಎತ್ತಿ, ಒಳಗೆ ಇಣುಕಿ, "ಇದು ಕಾರ್ಬೊರೇಟರ್ ಗಾಡಿ ಅಲ್ಲ ಸ್ವಾಮಿ" ಅಂತ ಕೈ ಒರೆಸಿಕೊಂಡು ಬಿಡುತ್ತಿದ್ದರು. ಕಂಪನಿಯಲ್ಲಿ ವಿಚಾರಿಸಿದರೆ ಹೊಸ ಡಬ್ಬಕ್ಕೆ ಹೇಳಿದ ಬೆಲೆಗೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು. ಆ ದಿನಗಳಲ್ಲಿ ನಮ್ಮವರು ಜಗಲಿ ಮೇಲೆ ತಲೆಗೆ ಕೈ ಹೊತ್ತು ಕೂತರೆ ಮಗು ಹೋಗಿ ಗಡ್ಡ ಎಳೆದರೂ ಅಲುಗುತ್ತಿರಲಿಲ್ಲ. ನಾನು ಸುಮ್ಮನಿರುವವಳಲ್ಲ. ನನ್ನ ಬಾಯಿ ಬೀದಿಗೆಲ್ಲ ಗೊತ್ತು. "ಕೊಳ್ಳೋವಾಗ ಬಣ್ಣ ನೋಡಿದ್ರಿ, ಈಗ ಅನುಭವಿಸಿ" ಅಂತ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ ಅನ್ನುತ್ತಿದ್ದೆ. ಮಾವ ಮಾತ್ರ, "ಬುಡವ್ವ, ಗಾಡಿಗೂ ಗ್ರಹಚಾರ ಅಂತ ಇರ್ತದೆ. ಕಳೀತದೆ" ಅನ್ನುತ್ತಿದ್ದರು.

ಒಂದು ಸಂಜೆ ಬೋರೇಗೌಡ ಮೇಷ್ಟ್ರು ಹೆಂಡತಿಯ ರವಿಕೆ ಇಸ್ಕೊಂಡು ಹೋಗಲು ಬಂದರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವರು. ನೋಡಿದರೆ ಮಾತ್ರ ಹೊಲದಿಂದ ಈಗ ತಾನೇ ಎದ್ದು ಬಂದಂತೆ ಇರುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್. ನಮ್ಮವರ ಮುಖ ನೋಡಿ ವಿಚಾರಿಸಿದರು. ವಿಷಯ ಕೇಳುತ್ತಲೇ ರವಿಕೆ ಮರೆತು ಕಾರಿನೊಳಗೆ ತಲೆ ತೂರಿಸಿದರು. ಡಬ್ಬ ಹೊರಗೆ ತೆಗೆದು, ಮುಚ್ಚಳ ಬಿಚ್ಚಿ, ಒಳಗಿನ ಹಸಿರು ಹಲಗೆಯನ್ನು ಬೆಳಕಿಗೆ ಹಿಡಿದು, "ಅಯ್ಯಯ್ಯಪ್ಪ, ತುಕ್ಕು ತಿಂದ್ಬುಟ್ಟಿದೆ ಕಣ್ರೀ ಇದು" ಅಂದರು. ಅಷ್ಟು ಖುಷಿಯಾಗಿ ಕೆಟ್ಟ ಸುದ್ದಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಅವರ ಪ್ಲಾನು ಹೀಗೆ. ಇದೇ ಕಂಪನಿಯ ಇನ್ನೊಂದು ಕಾರಿದೆ, ಇದಕ್ಕಿಂತ ಹೊಸದು, ಇದಕ್ಕಿಂತ ದೊಡ್ಡ ಇಂಜಿನ್ನು. ಅದರ ಡಬ್ಬ ಇದಕ್ಕಿಂತ ಚುರುಕು. ಆಕ್ಸಿಡೆಂಟಾದ ಗಾಡಿಯದು ಬೆಂಗಳೂರಿನ ಗುಜರಿಯಲ್ಲಿ ಸಿಕ್ಕರೆ, ನಾಲ್ಕು ವೈರು ಅದಲು ಬದಲು ಮಾಡಿ ನಮ್ಮ ಕಾರಿಗೆ ಕೂರಿಸಬಹುದು. "ರಿಪೇರಿ ಮಾತ್ರ ಅಲ್ಲ ಸ್ವಾಮಿ, ನಿಮ್ಮ ಗಾಡಿ ಹಳೇದು, ತಲೆ ಹೊಸದು. ಎರಡು ಭಾನುವಾರದ ಕೆಲಸ, ಬುಡಿ" ಅಂದರು. ನಾನು ಮೂಗು ಮುರಿದೆ. ನಮ್ಮವರು ಬೆಳಗ್ಗೆ ಮೊದಲ ರೈಲಿಗೆ ಬೆಂಗಳೂರಿಗೆ ಹೋದರು. ಸಂಜೆ ನೆನೆದು ತೊಪ್ಪೆಯಾಗಿ ಬಂದರು; ಡಬ್ಬ ಮಾತ್ರ ಪ್ಲಾಸ್ಟಿಕ್ ಸುತ್ತಿ ಅಂಗಿಯೊಳಗೆ ಎದೆಗಿಟ್ಟುಕೊಂಡಿದ್ದರು. ಮಾವ ಅದನ್ನು ಎರಡೂ ಕೈಯಲ್ಲಿ ಇಸ್ಕೊಂಡು ದೇವರ ಮನೆಯಲ್ಲಿಟ್ಟರು.

ಕೂರಿಸಿದರು. ಸ್ಟಾರ್ಟ್ ಆಯಿತು. ನಮಗೆಲ್ಲ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಹಿಂದಿನಿಂದ ಕಪ್ಪು ಹೊಗೆ, ಆ ವಾಸನೆ. ದೊಡ್ಡ ಇಂಜಿನ್ನಿಗೆ ಲೆಕ್ಕ ಕಲಿತಿದ್ದ ಡಬ್ಬ ನಮ್ಮ ಸಣ್ಣ ಇಂಜಿನ್ನಿಗೂ ಅಷ್ಟೇ ಪೆಟ್ರೋಲು ಕುಡಿಸುತ್ತಿತ್ತು. ಮನೆಯೆಲ್ಲ ವಾಸನೆ, ಒಗೆದ ಬಟ್ಟೆಗೆ ವಾಸನೆ, ಹೊಲಿದಿಟ್ಟ ರವಿಕೆಗೆ ವಾಸನೆ. ಗಿರಾಕಿಗಳು, "ಏನಮ್ಮ ಇದು, ಸೀಮೆಎಣ್ಣೇಲಿ ಹೊಲಿದ್ರಾ?" ಅಂತ ಕೇಳಿದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಮೇಷ್ಟ್ರು ಸೋಲುವವರಲ್ಲ. ಡಬ್ಬದೊಳಗೆ ಒಂದು ಚಿಪ್ ಇದೆ, ಲೆಕ್ಕವೆಲ್ಲ ಅದರಲ್ಲೇ ಬರೆದಿರುತ್ತೆ, ಅದನ್ನು ಅಳಿಸಿ ನಮ್ಮ ಇಂಜಿನ್ನಿಗೆ ಹೊಂದುವ ಲೆಕ್ಕ ಬರೆದರೆ ಆಯಿತು ಅಂದರು. ಚಿಪ್ ತೋರಿಸಿದರು. ಕಪ್ಪಗೆ, ಎರಡೂ ಕಡೆ ಸಾಲುಗಾಲು, ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ. ಮಾವ ಕನ್ನಡಕ ಏರಿಸಿ ನೋಡಿ, "ಇದೇನ್ ಮೇಷ್ಟ್ರೇ, ಹುಳ ಇದ್ದಂಗದೆ" ಅಂದರು. ಅವತ್ತಿನಿಂದ ಅದಕ್ಕೆ ಹುಳ ಅಂತಲೇ ಹೆಸರಾಯಿತು. ಆ ಕಿಟಕಿಯ ಮೇಲೆ ಒಂಥರಾ ನೇರಳೆ ಬೆಳಕು ಬಿದ್ದರೆ ಹಳೆಯ ಬರಹ ಅಳಿಸಿ ಹೋಗುತ್ತದಂತೆ. ಆ ಬೆಳಕಿನ ಪೆಟ್ಟಿಗೆ ಕಾಲೇಜಿನಲ್ಲಿತ್ತು. ಮಳೆಗಾಲದ ಕರೆಂಟಿನ ಆಟಕ್ಕೆ ಅದರ ದೀಪ ಹೋಗಿತ್ತು. ಹೊಸ ದೀಪ ತರಿಸುವುದು ಸರ್ಕಾರದ ಕೆಲಸ, ಅಂದರೆ ಆಗದ ಕೆಲಸ. ಮೇಷ್ಟ್ರು ತಲೆ ಕೆರೆದುಕೊಂಡು, "ಸೂರ್ಯನ ಬೆಳಕಲ್ಲೂ ಅಳಿಸ್ತದೆ. ಆದರೆ ವಾರಗಟ್ಟಲೆ ಒಳ್ಳೇ ಬಿಸಿಲು ಬೇಕು" ಅಂದರು. ಹೊರಗೆ ಆಷಾಢದ ಜಡಿ ಹಿಡಿದಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ. ನಗದೆ ಇನ್ನೇನು ಮಾಡಲಿ?

ನಗದೆ ಇದ್ದವರು ಮಾವ ಒಬ್ಬರೇ. "ನಂಗೆ ಕೊಡಿ ಮೇಷ್ಟ್ರೇ, ನಾನು ಕಾಯ್ತೀನಿ" ಅಂದರು.

ಮೇಷ್ಟ್ರು ಅಂಥವೇ ಇನ್ನಷ್ಟು ಹಳೇ ಹುಳಗಳನ್ನು ಎಲ್ಲಿಂದಲೋ ಹೊಂಚಿ ತಂದರು, ಒಂದು ಹಾಳಾದರೆ ಒಂದಿರಲಿ ಅಂತ. ಮಾವ ಅವನ್ನೆಲ್ಲ ತಮ್ಮ ಊಟದ ಸ್ಟೀಲ್ ತಟ್ಟೆಯಲ್ಲಿ ಗಾಜಿನ ಕಿಟಕಿ ಮೇಲ್ಮುಖ ಮಾಡಿ ಸಾಲಾಗಿ ಜೋಡಿಸಿ, ತಾರಸಿ ಮೇಲೆ ಸ್ಟೂಲು ಹಾಕಿಕೊಂಡು, ಕೊಡೆ ಹಿಡಿದು ಕೂತರು. ನೋವಿನ ಕಾಲು ಎಳೆದುಕೊಂಡು ಆ ಮೆಟ್ಟಿಲು ಎಷ್ಟು ಸಲ ಹತ್ತಿಳಿದರೋ. ಮೋಡ ಸರಿದರೆ ಕೊಡೆ ತೆಗೆಯೋರು, ಹನಿ ಬಿದ್ದರೆ ತಟ್ಟೆಯನ್ನು ಪಂಚೆಯೊಳಗೆ ಮುಚ್ಚಿಕೊಂಡು ಕೆಳಗೆ ಓಡೋರು. ಬಿಸಿಲು ಬಿದ್ದ ಕಡೆಗೆ ತಟ್ಟೆ ತಿರುಗಿಸುತ್ತಾ ಕೂರೋರು. ಕಾಗೆ ಬಂದರೆ, "ಹೋಗ್ಲಾ, ಇದು ನಿನ್ನ ಊಟ ಅಲ್ಲ" ಅಂತ ಗದರೋರು. ಪಕ್ಕದ ಮನೆ ನಿಂಗಮ್ಮ ಗೋಡೆ ಮೇಲಿಂದ ಇಣುಕಿ, "ಏನ್ ಸ್ವಾಮೇರೇ, ಈ ಮಳೇಲಿ ಸಂಡಿಗೆ ಇಟ್ಟಿದ್ದೀರಾ?" ಅಂದರೆ, ಮಾವ ಗಂಭೀರವಾಗಿ, "ಸಂಡಿಗೆ ಅಲ್ಲ ಕಣವ್ವ, ಕಾರಿನ ಮಿದುಳು" ಅಂದರು. ನಿಂಗಮ್ಮ ನನ್ನ ಕಡೆ ನೋಡಿ ಹಣೆ ಹತ್ತಿರ ಬೆರಳು ತಿರುಗಿಸಿದಳು. "ನಮ್ಮ ಮಾವನ ತಲೆ ಸರಿಯಾಗೇ ಇದೆ, ನಿನ್ನ ಸೊಸೆ ತಲೆ ನೋಡ್ಕೊ ಹೋಗು" ಅಂತ ನಾನು ಬಿಟ್ಟೆ ನೋಡಿ. ಆಮೇಲೆ ಒಳಗೆ ಬಂದು ನಾನೂ ಅದನ್ನೇ ಯೋಚಿಸಿದೆ.

ಹೀಗೆ ನಡೆಯಿತು ಆ ಮಳೆಗಾಲ. ಮಾವ ಬಿಸಿಲಿಗಿಟ್ಟು ಅಳಿಸುವುದು, ಮೇಷ್ಟ್ರು ಕಾಲೇಜಿಗೆ ಒಯ್ದು ಹೊಸ ಲೆಕ್ಕ ಬರೆಯುವುದು, ನಮ್ಮವರು ಹಾಕಿಕೊಂಡು ಓಡಿಸಿ ನೋಡುವುದು. ಒಂದರಲ್ಲಿ ಹೊಗೆ, ಒಂದರಲ್ಲಿ ಎಳೆತವೇ ಇಲ್ಲ, ಇನ್ನೊಂದರಲ್ಲಿ ಇಂಜಿನ್ನು ಕಟಕಟ. ಮತ್ತೆ ಬಿಸಿಲಿಗೆ. ಎರಡು ಭಾನುವಾರ ಅಂದವರು ಶ್ರಾವಣ ಮುಗಿಯುವವರೆಗೂ ಭಾನುವಾರ ನಮ್ಮ ಮನೆಯಲ್ಲೇ ಉಂಡರು. ನಡುವೆ ನಮ್ಮವರು ಅವರಿವರ ಗಾಡಿಗೆ ಬದಲಿ ಡ್ರೈವರ್ ಆಗಿ ಹೋಗೋರು. ಹಳೇ ಓನರ್ ಎದುರು ಸಿಕ್ಕಿ, "ಏನ್ ಸ್ವಾಮಿ, ಕೀ ಇದೆ, ಗಾಡಿ ಇಲ್ಲ ಅಂತೆ?" ಅಂದನಂತೆ. ಅದನ್ನು ನನಗೆ ಹೇಳಿದ್ದು ನಮ್ಮವರಲ್ಲ, ಬೇರೆ ಡ್ರೈವರ್ ಹೆಂಡತಿ.

ಕೊನೆಗೂ ಒಂದು ಭಾನುವಾರ ಬಂತು. ಹೊಸ ಹುಳ ಹಾಕಿ ಎಲ್ಲರನ್ನೂ ಹತ್ತಿಸಿಕೊಂಡು ನಂಜನಗೂಡು ರಸ್ತೆಯಲ್ಲಿ ಹೊರಟರು. ಮುಂದೆ ಮಾವ, ಹಿಂದೆ ನಾನು, ಮಗು, ಮೇಷ್ಟ್ರು. ಊರು ದಾಟಿ ಮಂಡಕಳ್ಳಿ ಹತ್ತಿರ ರಸ್ತೆ ನೇರವಾಯಿತು. ಆಗ ಅಲ್ಲಿ ಬರೀ ಹುಲ್ಲು ಬೆಳೆದ ಬಯಲು, ದನ ಮೇಯುತ್ತಿದ್ದವು. ನಮ್ಮವರು ಕಾಲು ಒತ್ತಿದರು. ಗಾಡಿ ಸದ್ದಿಲ್ಲದೆ ಮುಂದೆ ಹಾರಿತು. ಹೊಗೆಯಿಲ್ಲ, ವಾಸನೆಯಿಲ್ಲ, ನಡುಕವಿಲ್ಲ. ಮೇಷ್ಟ್ರು ತೊಡೆ ತಟ್ಟಿಕೊಂಡು, "ನೋಡಿದ್ರಾ! ನೋಡಿದ್ರಾ!" ಅಂತ ಕೂಗಿದರು. ಮಾವ ಡಬ್ಬ ಇದ್ದ ಕಡೆಗೆ ಬಗ್ಗಿ ಕೈ ಇಟ್ಟು ಮುಟ್ಟಿಕೊಂಡರು. ಕನ್ನಡಿಯಲ್ಲಿ ನಮ್ಮವರ ಮುಖ ಕಂಡಿತು. ಮದುವೆಯಲ್ಲೂ ಆ ಮುಖ ನಾನು ನೋಡಿರಲಿಲ್ಲ. ನನಗೂ ಆಸೆ ಹುಟ್ಟಿತು. ಹುಟ್ಟಬಾರದಾಗಿತ್ತು.

ದಸರಾ ಹತ್ತಿರ ಬಂದಿತ್ತು. ಊರಿನ ಒಂದು ಹೋಟೆಲಿನ ಮ್ಯಾನೇಜರ್ ಗಾಡಿ ನೋಡಿ ಒಪ್ಪಿಕೊಂಡರು. ದಸರಾ ಮುಗಿಯುವವರೆಗೆ ಅವರ ಅತಿಥಿಗಳಿಗೆ ಓಡಿಸಬೇಕು. ಎಲ್ಲೂ ಕೈ ಕೊಡದೆ ಓಡಿದರೆ ಆಮೇಲೆ ವರ್ಷವಿಡೀ ಹೋಟೆಲಿಗೇ ಗಾಡಿ. "ಒಂದು ಸಲ ನಿಂತರೂ ಮುಗೀತು ಸ್ವಾಮಿ, ನನ್ನ ಹತ್ರ ಕಾರಣ ಹೇಳ್ಬೇಡಿ" ಅಂದರಂತೆ. ನಮ್ಮವರು ಕಣ್ಣಲ್ಲಿ ಕಣ್ಣಿಟ್ಟು ಗಾಡಿ ನೋಡಿಕೊಂಡರು. ನವರಾತ್ರಿ ಶುರುವಾಗಿ ಬೆಟ್ಟ, ಅರಮನೆ, ಶ್ರೀರಂಗಪಟ್ಟಣ ಅಂತ ದಿನಾ ಓಡಾಟ. ಗಾಡಿ ಕೆಮ್ಮಲೂ ಇಲ್ಲ. ಸಂಜೆ ಮನೆಗೆ ಬಂದು ಕೀಯನ್ನು ಗೂಡಿನಲ್ಲಿ ಇಡುವಾಗ ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ ಇಡೋರು. ನಾನು ನೋಡಿಯೂ ನೋಡದ ಹಾಗಿರುತ್ತಿದ್ದೆ.

ಆಯುಧಪೂಜೆಯ ದಿನ ಬೀದಿಯೆಲ್ಲ ಗಾಡಿ ತೊಳೆಯುವವರೇ. ನಮ್ಮವರು ಮೇಷ್ಟ್ರು ಹೇಳಿದ ಹಾಗೆ ಇಂಜಿನ್ನಿಗೆ ನೀರು ತಾಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅಷ್ಟು ಎಚ್ಚರ. ಆಮೇಲೆ ಸ್ನಾನಕ್ಕೆ ಹೋದರು. ನಾನು ನನ್ನ ಹೊಲಿಗೆ ಮಿಷನ್ನು, ಕತ್ತರಿ ತೊಳೆದು ಕುಂಕುಮ ಇಡುತ್ತಿದ್ದೆ. ಮಾವ ಮಠದಿಂದ ತರಿಸಿದ ವಿಭೂತಿ ಗಟ್ಟಿ ತೇಯುತ್ತಾ ಕಾರಿನ ಹತ್ತಿರ ಇದ್ದರು. ಚಕ್ರಕ್ಕೆ, ಬಾನೆಟ್ಟಿಗೆ, ಸ್ಟೇರಿಂಗಿಗೆ ಮೂರು ಬೆರಳಲ್ಲಿ ಎಳೆದರು. ಸೇವಂತಿಗೆ ಹಾರ ಹಾಕಿದೆವು. ಬೂದುಗುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನಮ್ಮವರು ಗಾಡಿ ಮುಂದಕ್ಕೆ ಬಿಟ್ಟರು. ಪಚಕ್ ಅಂತ ನಿಂಬೆಹಣ್ಣು ಒಡೆದವು. ಬೀದಿಗೆಲ್ಲ ಕಡ್ಲೆಪುರಿ ಹಂಚಿದೆ, ನಿಂಗಮ್ಮನಿಗೂ ಎರಡು ಹಿಡಿ ಜಾಸ್ತಿ. ಮಾವ ಜಗಲಿ ಮೇಲೆ ಕೂತು, "ಈ ಸಲ ಪೂಜೆ ಪೂರ್ತಿ ಆಯ್ತು ಕಣವ್ವ. ಏನೂ ಬುಡ್ಲಿಲ್ಲ ನಾನು" ಅಂದರು. ಹಬ್ಬದ ಮಾತು ಅಂದುಕೊಂಡೆ.

ಜಂಬೂಸವಾರಿ ಮುಗಿಯಿತು. ದೀಪಗಳನ್ನು ಇಳಿಸುತ್ತಿದ್ದರು. ಅತಿಥಿಗಳು ಒಬ್ಬೊಬ್ಬರಾಗಿ ಹೊರಟರು. ಹೋಟೆಲಿನವರು ಕಡೆಯದಾಗಿ ಕೊಟ್ಟದ್ದು ವಯಸ್ಸಾದ ಗಂಡ ಹೆಂಡತಿಯನ್ನು ನಂಜನಗೂಡಿಗೆ ಕರೆದೊಯ್ದು, ವಾಪಸು ಬಂದು ಸಂಜೆಯ ರೈಲಿಗೆ ಬಿಡುವುದು. ದರ್ಶನ ಆಯಿತು. ಬರುವಾಗ ಮಂಡಕಳ್ಳಿಯ ಹತ್ತಿರ, ಅದೇ ನೇರ ರಸ್ತೆಯಲ್ಲಿ, ಗಾಡಿ ಒಂದು ಸಲ ಬಿಕ್ಕಿತು. ಮತ್ತೊಂದು ಸಲ. ಆಮೇಲೆ ಕಪ್ಪು ಹೊಗೆ, ಆ ವಾಸನೆ, ಮತ್ತೆ ಏನೂ ಇಲ್ಲ. ನಮ್ಮವರು ಕೀ ತಿರುಗಿಸಿ ತಿರುಗಿಸಿ ಸೋತರು. ಆ ಅಜ್ಜಿ ಹಿಂದಿನಿಂದ, "ಪರವಾಗಿಲ್ಲಪ್ಪ, ನಿಧಾನಕ್ಕೆ ನೋಡಿ" ಅಂದರಂತೆ. ಇವರು ಹತ್ತಿರದ ಬೂತಿನಿಂದ ಹೋಟೆಲಿಗೆ ಫೋನ್ ಮಾಡಿದರು. ಬದಲಿ ಕಾರು ಬಂತು. ಬಂದದ್ದು ಹಳೇ ಓನರ್ ಕಾರು. ಅದರಿಂದ ಇಳಿದ ಡ್ರೈವರು, ಪಾಪ ಜೊತೆಯವನೇ, ಅತಿಥಿಗಳ ಬ್ಯಾಗು ತೆಗೆದುಕೊಳ್ಳುವಾಗ ನಮ್ಮವರ ಮುಖ ನೋಡಲಿಲ್ಲವಂತೆ.

ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಮರುದಿನ ಬೆಳಗ್ಗೆ ಮೇಷ್ಟ್ರು ಕಾಲೇಜಿಗೆ ಹೋಗುವ ಮೊದಲು ಓಡಿ ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಡಬ್ಬ ಇಟ್ಟು, ತಿರುಪು ಬಿಚ್ಚಿ, ಮುಚ್ಚಳ ಎತ್ತಿದರು. ಎತ್ತಿದವರು ಹಾಗೇ ಕೂತರು. ಆಮೇಲೆ ಡಬ್ಬವನ್ನು ನಮ್ಮ ಕಡೆಗೆ ತಿರುಗಿಸಿದರು.

ಹಸಿರು ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ವಿಭೂತಿ. ನಡುವೆ ಹುಳದ ನೆತ್ತಿಯ ಮೇಲೆ ಒಂದು ಕುಂಕುಮದ ಬೊಟ್ಟು. ಮೂಲೆಯಲ್ಲಿ ಬಾಡಿದ ಒಂದು ಬಿಲ್ವಪತ್ರೆ. ವಿಭೂತಿ ಬಿದ್ದಲ್ಲೆಲ್ಲ ತಾಮ್ರದ ಗೆರೆಗಳು ಹಸಿರಾಗಿ ಹುಡಿಹುಡಿಯಾಗಿದ್ದವು, ಒಂದು ಕಡೆ ಹಲಗೆಯೇ ಸುಟ್ಟು ಕಪ್ಪಾಗಿತ್ತು. ನೀರಲ್ಲಿ ತೇಯ್ದ ವಿಭೂತಿ. ಒದ್ದೆಯಿದ್ದಾಗಲೇ ಮುಚ್ಚಳ ಹಾಕಿಬಿಟ್ಟಿದ್ದರು. ಮೇಷ್ಟ್ರು ಬಿಚ್ಚುವುದನ್ನೂ ಮುಚ್ಚುವುದನ್ನೂ ಮಳೆಗಾಲವೆಲ್ಲ ಪಕ್ಕದಲ್ಲೇ ಕೂತು ನೋಡಿ ಕಲಿತಿದ್ದ ಕೈ ಅದು.

"ಯಾರ್ರೀ ಇದು..." ಅಂತ ಮೇಷ್ಟ್ರು ದನಿ ಎತ್ತಿದರು. ನಮ್ಮವರು ಥಟ್ಟನೆ ಅವರ ಮಣಿಕಟ್ಟು ಹಿಡಿದರು. ಹೊರಗೆ ಜಗಲಿಯಿಂದ ಮಾವನ ದನಿ: "ಏನಂತೆ ಮಗ? ಮೇಷ್ಟ್ರು ಏನಂತಾರೆ?"

ನನ್ನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಅಯ್ಯೋ ಶಿವನೇ, ಏನೇನು ಬಂದಿತ್ತು! ಇಡೀ ವರ್ಷದ್ದು, ಆ ವಾಸನೆಯದ್ದು, ಬಾಲ್ಕನಿಯದ್ದು, ಎಲ್ಲ ಒಟ್ಟಿಗೆ. ನಮ್ಮವರು ನನ್ನ ಕಡೆ ನೋಡಿದರು. ಬೈಯಲಿಲ್ಲ, ಕಣ್ಣು ಬಿಡಲಿಲ್ಲ, ಬರೀ ನೋಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದೆ. ಅವರು ಹೇಳಿದ್ದು ಅಲ್ಲಿಗೇ ಕೇಳಿಸಿತು: "ಹಳೇದಾಗಿತ್ತು ಅಪ್ಪಾಜಿ. ಗುಜರಿದು ಅಲ್ವಾ, ಅದರ ಆಯಸ್ಸು ಅಷ್ಟೇ ಇತ್ತಂತೆ."

ಮಾವ ಜಗಲಿಯಿಂದ ಎದ್ದ ಸದ್ದಾಯಿತು. ಆಮೇಲೆ, "ಈಗ ಮಳೆ ನಿಂತದಲ್ಲ ಮಗ, ಬಿಸಿಲು ಚೆನ್ನಾಗದೆ. ನಾನು ಇನ್ನೊಂದು ಸಲ ಇಟ್ಕೊಡ್ಲಾ?" ಅಂದರು.

ಮೇಷ್ಟ್ರು ಎದ್ದು ಹೊರಗೆ ಹೋಗಿ, ಚಪ್ಪಲಿ ಮೆಟ್ಟಿ, ಮಾವನಿಗೆ ಕೈ ಮುಗಿದು ಹೊರಟುಹೋದರು. ಆಮೇಲೂ ಅವರು ಪ್ರಯತ್ನ ಬಿಡಲಿಲ್ಲ. ಹಲಗೆಯನ್ನು ಕಾಲೇಜಿಗೆ ಒಯ್ದು ತೊಳೆದರು, ಕೆರೆದರು, ಕೂದಲೆಳೆಯ ವೈರು ಬೆಸೆದರು. ಏನೂ ಆಗಲಿಲ್ಲ. ಅಂಥ ಡಬ್ಬ ಗುಜರಿಯಲ್ಲಿ ಮತ್ತೆ ಸಿಗಲಿಲ್ಲ, ಸಿಕ್ಕಿದ್ದರೂ ಕೊಳ್ಳಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಹೋಟೆಲಿನ ಮ್ಯಾನೇಜರ್ ಹೇಳಿದ ಮಾತಿಗೆ ತಪ್ಪಲಿಲ್ಲ. ಕಾರಣ ಕೇಳಲೇ ಇಲ್ಲ. ಬಿಳೀ ಕಾರು ಕೆಲವು ತಿಂಗಳು ಮನೆ ಮುಂದೆ ನಿಂತು, ಕೋಳಿಗಳು ಅದರ ಕೆಳಗೆ ಮೊಟ್ಟೆ ಇಟ್ಟು, ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಕಾರ್ತಿಕದಲ್ಲಿ ಒಂದು ಬೆಳಗ್ಗೆ ನಮ್ಮವರು ಹಳೇ ಓನರ್ ಮನೆ ಕೆಳಗೆ ಹೋಗಿ ನಿಂತರು. ಅವನು ಬಾಲ್ಕನಿಗೆ ಬಂದು, ಒಂದು ಮಾತೂ ಆಡದೆ, ಕೀ ಎಸೆದ. "ಹಿಡಿದ್ರಾ?" ಅಂತ ಸಂಜೆ ಕೇಳಿದೆ. "ಹೂಂ, ಹಿಡಿದೆ" ಅಂದರು. ಅಷ್ಟೇ ಮಾತು. ಆಮೇಲೆ ಅವರು ಬೇರೆ ಬೇರೆಯವರ ಗಾಡಿ ಓಡಿಸಿದರು, ಈಗಲೂ ಓಡಿಸುತ್ತಾರೆ. ಸ್ವಂತ ಗಾಡಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ.

ಡಬ್ಬದೊಳಗಿದ್ದದ್ದು ಏನು ಅಂತ ಮಾವನಿಗೆ ನಾವು ಯಾವತ್ತೂ ಹೇಳಲಿಲ್ಲ. ಬೀದಿಯಲ್ಲಿ ಯಾರನ್ನೂ ಬಿಡದ ನನ್ನ ಬಾಯಿ ಆ ಒಂದು ವಿಷಯಕ್ಕೆ ಬೀಗ ಹಾಕಿಕೊಂಡಿತು. ಸಿಟ್ಟು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ? ಅವರಿಗೆ ಊಟ ಬಡಿಸುವಾಗ ಆ ಮೂರು ಬೆರಳು ಕಣ್ಣಿಗೆ ಬೀಳುತ್ತಿತ್ತು. ಆದರೆ ಅದೇ ಕೈ ಇಡೀ ಆಷಾಢ ತಟ್ಟೆ ಹಿಡಿದು ಬಿಸಿಲು ಕಾದಿತ್ತಲ್ಲ. ಮನಸ್ಸಿಗೆ ತಿಳಿಯುತ್ತಿತ್ತು, ಹೊಟ್ಟೆಗೆ ತಿಳಿಯುತ್ತಿರಲಿಲ್ಲ. ಹೀಗೇ ಕೆಲವು ವರ್ಷ ಹೋದವು.

ಮಾವ ಹಾಸಿಗೆ ಹಿಡಿದ ಮೇಲೆ ಒಂದು ದಿನ, ಬೆಳಗ್ಗೆ, ಗಂಜಿ ಕುಡಿಸುತ್ತಿದ್ದೆ. ನಮ್ಮವರು ಆಗಲೇ ಕೆಲಸಕ್ಕೆ ಹೋಗಿದ್ದರು. ಮಾವ ಎರಡು ಚಮಚ ಕುಡಿದು ಸಾಕು ಅಂತ ಕೈ ಅಡ್ಡ ಹಿಡಿದರು. ಕಿಟಕಿಯಿಂದ ಬಿಸಿಲು ಹಾಸಿಗೆ ಮೇಲೆ ಬಿದ್ದಿತ್ತು. ಅದನ್ನೇ ನೋಡುತ್ತಾ, "ಅವ್ವ, ಒಂದ್ ಮಾತು ನಿಮಗ್ಯಾರ್ಗೂ ಹೇಳಿಲ್ಲ ನಾನು" ಅಂದರು.

"ಏನು ಮಾವ?"

"ಆ ಕಾರಿನ ತಲೆಗೆ ನಾನು ವಿಭೂತಿ ಹಚ್ಚಿದ್ದೆ ಕಣವ್ವ, ಆಯುಧಪೂಜೆ ದಿನ. ಒಳಗಡೆ, ಆ ಹುಳಕ್ಕೆ. ವರ್ಷವೆಲ್ಲ ಕಾಯಿಲೆ ಬಿದ್ದಿದ್ದೇ ಅದು, ಅದನ್ನೇ ಬುಟ್ಟು ಚಕ್ರಕ್ಕೆ ಪೂಜೆ ಮಾಡಿದ್ರೆ ಏನ್ ಬಂತು ಅಂತ."

ನಾನು ಚಮಚ ಬಟ್ಟಲಲ್ಲಿಟ್ಟೆ.

"ಆದ್ರೆ ಸರಿಯಾಗಿ ಹಚ್ಚಲಿಲ್ಲ" ಅಂದರು. ಕಣ್ಣಲ್ಲಿ ನೀರು ನಿಂತಿತ್ತು. "ಅವನು ಸ್ನಾನ ಮುಗಿಸಿ ಬಂದ್ಬುಡ್ತಾನೆ ಅಂತ ಆತುರ ಆಯ್ತು. ತೆಳ್ಳಗೆ ಎಳೆದ್ಬುಟ್ಟೆ. ಪತ್ರೆ ಒಂದೇ ಇಟ್ಟೆ, ಮೂರು ಇಡ್ಬೇಕಾಗಿತ್ತು. ಇನ್ನೊಂಚೂರು ಗಟ್ಟಿಯಾಗಿ ಹಚ್ಚಿದ್ರೆ ಗಾಡಿ ಉಳೀತಿತ್ತು. ಮಗ ಆ ಓನರ್ ಬಾಗಿಲಿಗೆ ವಾಪಸ್ ಹೋಗಿದ್ದು ನನ್ನಿಂದಲೇ ಕಣವ್ವ."

ಇಷ್ಟು ವರ್ಷ ಅವರ ತಲೆ ಮೇಲೆ ಬರಬಾರದು ಅಂತ ನಾವು ಮುಚ್ಚಿಟ್ಟಿದ್ದನ್ನು ಅವರು ಬೇರೆ ದಾರಿಯಿಂದ ತಂದು ತಾವೇ ಹೊತ್ತುಕೊಂಡು ಕೂತಿದ್ದರು. ನಿಜ ಹೇಳಿದರೂ ಅದೇ, ಹೇಳದಿದ್ದರೂ ಅದೇ. ಆ ಮೂರು ಬೆರಳನ್ನು ಹಿಡಿದುಕೊಂಡೆ.

"ಚೆನ್ನಾಗೇ ಹಚ್ಚಿದ್ರಿ ಮಾವ" ಅಂದೆ. "ನಾನು ಕಣ್ಣಾರೆ ನೋಡಿದೀನಿ. ಗಟ್ಟಿಯಾಗೇ ಹಚ್ಚಿದ್ರಿ."

ಅವರು ನಂಬಲಿಲ್ಲ.